ಕೊಪ್ಪರಿಗೆ ಗಾಡಿಗೆ ಪಾಸು ಮಾಡಿಸಿದ್ದು

ನಮ್ಮ ಸೋದರಮಾವನನ್ನು ತಿಕ್ಕಲು ಎಂದು ಕರೆಯುವ ಹಕ್ಕು ಇಡೀ ಮಂಡ್ಯ ಜಿಲ್ಲೆಯಲ್ಲಿ ಇಬ್ಬರಿಗೆ ಮಾತ್ರ ಇದೆ. ಒಬ್ಬಳು ನಮ್ಮ ಅತ್ತೆ, ನಲವತ್ತು ವರ್ಷ ಅವನ ಜೊತೆ ಸಂಸಾರ ಮಾಡಿದವಳು. ಇನ್ನೊಬ್ಬ ನಾನು, ಆ ತಿಕ್ಕಲುತನಕ್ಕೆ ವೆಲ್ಡಿಂಗ್ ಮಾಡಿಕೊಟ್ಟವನು. ಮೂರನೆಯವರು ಯಾರಾದರೂ ಆ ಮಾತು ಆಡಿದರೆ ಅವರ ಮನೆ ಗೇಟು ನನ್ನ ಅಂಗಡಿಯಲ್ಲಿ ರಿಪೇರಿಯಾಗುವುದಿಲ್ಲ, ಅಷ್ಟೇ!

ಅಂಗಡಿ ಅಂದೆನಲ್ಲ, ಅದು ಮದ್ದೂರಿನಲ್ಲಿ, ಮಳವಳ್ಳಿ ರಸ್ತೆಗೆ ಮುಖ ಮಾಡಿಕೊಂಡಿದೆ. ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಬಂದವನು ನಾನು. ಓದಿದ್ದು ಕಮ್ಮಿ, ನಿಜ. ಆದರೆ ನಾನು ಹಾಕಿದ ಬೆಸುಗೆ ಬಿಟ್ಟುಕೊಂಡಿತು ಎಂದು ಇಲ್ಲಿಯತನಕ ಯಾರೂ ವಾಪಸು ಬಂದಿಲ್ಲ. ಬಂದಿದ್ದರೆ ಎದುರಿಗೆ ನಿಂತು ಹೇಳಲಿ, ನೋಡೋಣ.

ಮಾವನ ಊರು ಆತಗೂರಿನ ಹತ್ತಿರ. ಗದ್ದೆ, ಕಬ್ಬು, ಎರಡು ಹಸು, ಒಂದು ಹಳೇ ಸ್ಕೂಟರು. ಇವೆಲ್ಲಕ್ಕಿಂತ ದೊಡ್ಡ ಆಸ್ತಿ ಅವನ ಗಂಟಲು. ಅವನು ಫೋನಿನಲ್ಲಿ ಮಾತಾಡುವಾಗ ಫೋನು ಯಾಕೆ ಬೇಕು ಎಂದು ನಾವೆಲ್ಲ ಯೋಚಿಸಿದ್ದೇವೆ. ಅವನ ಸ್ಕೂಟರಿನ ಹಾರನ್ನು ಕೆಟ್ಟು ಹತ್ತು ವರ್ಷವಾಗಿತ್ತು, ಆದರೂ ಒಂದು ದಿನವೂ ಅದರ ಕೊರತೆ ಕಾಣಲಿಲ್ಲ. ಅಡ್ಡ ಬಂದವರನ್ನು ಅವನೇ ಕೂಗಿ ಸರಿಸುತ್ತಿದ್ದ, ಅವರವರ ಅಪ್ಪನ ಹೆಸರು ಹಿಡಿದು!

ಇಂಥ ಮಾವನಿಗೆ ಒಂದು ಕಷ್ಟ ಬಂತು. ಅತ್ತೆಯ ಮಂಡಿ ಹೋಯಿತು.

ಸ್ಕೂಟರಿನ ಹಿಂದೆ ಹತ್ತಿ ಕೂರುವುದು ಅವಳ ಕೈಲಿ ಆಗದೆ ಹೋಯಿತು. ಬಸ್ಸಿನ ಮೆಟ್ಟಿಲು ಎತ್ತರ. ಕಾರಿನಲ್ಲಿ ಗಾಜು ಏರಿಸಿದರೆ ಅವಳಿಗೆ ವಾಂತಿ, ಇಳಿಸಿದರೂ ವಾಂತಿ. ಆಟೋ ಆಗಬಹುದಲ್ಲ ಅಂತ ನಾನು ಬಾಯಿಬಿಟ್ಟೆ. ಮಾವ ನನ್ನನ್ನು ಮೇಲಿಂದ ಕೆಳಗೆ ನೋಡಿ, ಕಟ್ಟಿಕೊಂಡವನು ಇನ್ನೂ ಗಟ್ಟಿಯಾಗಿರುವಾಗ ಇನ್ನೊಬ್ಬ ಯಾಕೆ ಅವಳನ್ನು ಕರೆದುಕೊಂಡು ಹೋಗಬೇಕು ಅಂದ.

ಅತ್ತೆ ಎಲ್ಲಿಗೂ ಹೋಗದಿದ್ದರೆ ಹೋಗಲಿ ಅನ್ನಬಹುದಿತ್ತು. ಆದರೆ ಮಳವಳ್ಳಿಯಲ್ಲಿ ಅವಳ ತಂಗಿ ಇದ್ದಾಳೆ. ತವರಿನಲ್ಲಿ ಅಪ್ಪ ಅಮ್ಮ ಇಲ್ಲ, ಅಣ್ಣತಮ್ಮಂದಿರೂ ಇಲ್ಲ. ಹಾಗಾಗಿ ಗೌರಿ ಹಬ್ಬಕ್ಕೆ ತವರಿನ ಬಾಗಿನ ತೆಗೆದುಕೊಂಡು ಹೋಗಿ ತಂಗಿಯ ಕೈಗೆ ಕೊಡುವುದು ಅತ್ತೆಯೇ. ಎಷ್ಟೋ ವರ್ಷದಿಂದ ಒಂದು ಸಲವೂ ತಪ್ಪಿರಲಿಲ್ಲ. ಹೋದ ವರ್ಷ ಮಂಡಿಯ ದೆಸೆಯಿಂದ ತಪ್ಪಿತು. ಅರಿಸಿನ, ಕುಂಕುಮ, ಬಳೆ, ರವಿಕೆ ಬಟ್ಟೆ ಎಲ್ಲ ಇಟ್ಟು ಮೊರ ಕಟ್ಟಿ, ಮಳವಳ್ಳಿ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಕಳಿಸಿದರು. ಮಧ್ಯಾಹ್ನ ತಂಗಿಯ ಫೋನು ಬಂತು.

"ಬಾಗಿನ ಈಸ್ಕೊಂಡೆ ಕಣಕ್ಕ. ಈಸ್ಕೊಂಡ್ಮೇಲೆ ಕಾಲಿಗ್ ಬೀಳ್ಬೇಕಲ್ಲ, ಆ ಕಂಡಕ್ಟ್ರಪ್ಪನ ಕಾಲಿಗೇ ಬಿದ್ದೆ."

ಕಂಡಕ್ಟರಿಗೆ ಇಪ್ಪತ್ತೈದು ವರ್ಷವಂತೆ. ಗಾಬರಿಯಾಗಿ ಅವನೂ ತಿರುಗಿ ಇವಳ ಕಾಲಿಗೆ ಬಿದ್ದನಂತೆ! ಕೇಳಿದವರೆಲ್ಲ ನಕ್ಕರು. ಅತ್ತೆಯೂ ನಕ್ಕಳು. ಆಮೇಲೆ ಅಡುಗೆಮನೆಗೆ ಹೋದವಳು ತುಂಬ ಹೊತ್ತು ಹೊರಗೆ ಬರಲಿಲ್ಲ. ಮಾವ ಜಗಲಿಯ ಮೇಲೆ ಕೂತು ಅಡುಗೆಮನೆ ಬಾಗಿಲನ್ನೇ ನೋಡುತ್ತಿದ್ದ.

ಮರುದಿನ ಬೆಳಿಗ್ಗೆ ನನ್ನ ಅಂಗಡಿ ಮುಂದೆ ಒಂದು ಎತ್ತಿನ ಗಾಡಿ ಬಂದು ನಿಂತಿತು. ಅದರ ಮೇಲೆ ಬೋರಲು ಹಾಕಿದ ಕೊಪ್ಪರಿಗೆ. ಊರಿನಲ್ಲಿ ಮುಚ್ಚಿಹೋದ ಆಲೆಮನೆಯದು. ನಮ್ಮ ತಾತನ ಕಾಲದಿಂದ ಕಬ್ಬಿನ ಹಾಲು ಕಾಯಿಸಿ ಬೆಲ್ಲ ಮಾಡಿದ ಕಬ್ಬಿಣದ ಬಾಣಲೆ. ಒಂದು ಮದುವೆಮನೆಯ ಮಕ್ಕಳನ್ನೆಲ್ಲ ಅದರೊಳಗೆ ಕೂರಿಸಬಹುದು.

"ಲೇ ಅಳಿಯ, ಇದುನ್ನ ಕುಯ್ದು ಸ್ಕೂಟ್ರು ಪಕ್ಕುಕ್ಕೆ ಒಂದು ತೊಟ್ಟಿ ಮಾಡ್ಕೊಡ್ಲಾ. ನಿಮ್ಮತ್ತೆ ಅದ್ರೊಳಿಕ್ಕೆ ನಡ್ಕಂಡೋಗಿ ಕುಂತ್ಕೋಬೇಕು. ಬರೋ ಗೌರಬ್ಬುಕ್ಕೆ ಮಳವಳ್ಳಿಗೋಗ್ಬೇಕು."

ಹೊಸ ತಗಡು ತರೋಣ ಅಂದೆ. ಕೇಳಲಿಲ್ಲ. ಹೊಸ ತಗಡು ಬಿಸಿಲಿಗೆ ಕಾಯುತ್ತದೆ, ಇದು ಬೆಂಕಿಯಲ್ಲೇ ಬೆಂದು ಪಳಗಿದೆ ಅಂತ ಅವನ ವಾದ. ಆಮೇಲೆ ಇನ್ನೊಂದು ಮಾತು ಸೇರಿಸಿದ. ತೊಟ್ಟಿ ಬಲಗಡೆಗೇ ಇರಬೇಕು.

ಪಕ್ಕದ ತೊಟ್ಟಿ ಎಡಗಡೆಗೆ ಇರುವುದು ಲೋಕರೂಢಿ. ಹಾಗಂತ ಹೇಳಿದೆ. "ಲೋಕ ಕುಂತ್ಕೊಳಾಕಿಲ್ಲ ಕಣ್ಲಾ, ನಿಮ್ಮತ್ತೆ ಕುಂತ್ಕೊಳ್ಳೋದು" ಅಂದ. ಯಾಕೆ ಅಂತ ಕೇಳಿದರೆ ಆಕಾಶ ನೋಡಿದ. ಮಾವ ಆಕಾಶ ನೋಡಿದ ಅಂದರೆ ಮಾತು ಮುಗಿಯಿತು ಅಂತ ಅರ್ಥ.

ಗಿರಾಕಿಗಳ ಕೆಲಸದ ನಡುವೆ ನಾಲ್ಕು ತಿಂಗಳು ಹಿಡಿಯಿತು. ಕುಯ್ಯುವಾಗ ಅಂಗಡಿ ತುಂಬ ಬೆಲ್ಲದ ಪಾಕದ ವಾಸನೆ! ಸಂದಿಯಲ್ಲಿ ಎಷ್ಟು ವರ್ಷದ ಬೆಲ್ಲ ಸೇರಿಕೊಂಡಿತ್ತೋ, ಶಾಖಕ್ಕೆ ಕುದಿದು ಗುಳ್ಳೆ ಗುಳ್ಳೆಯಾಗಿ ಬಂತು. ದಾರಿಯಲ್ಲಿ ಹೋಗುವವರು ಬಗ್ಗಿ ನೋಡಿ, ಬೆಲ್ಲ ಹೇಗೆ ಕೊಡುತ್ತೀರಿ ಅಂತ ಕೇಳಿದರು. ಅತ್ತೆ ಮಂಡಿ ಎತ್ತದೆ ಒಳಗೆ ಹೋಗುವ ಹಾಗೆ ನೆಲಕ್ಕೆ ತಗ್ಗಾಗಿ ಬಾಗಿಲು ಇಟ್ಟೆ, ಮೂರನೇ ಚಕ್ರಕ್ಕೆ ಸ್ಪ್ರಿಂಗು ಹಾಕಿದೆ. ಎರಡು ಸಲ ಬಣ್ಣ ಹೊಡೆದೆ. ಸುಳ್ಳು ಯಾಕೆ ಹೇಳಲಿ, ಮುಗಿದ ದಿನ ನಾನೇ ಎದುರಿಗೆ ನಿಂತು ಅರ್ಧ ಗಂಟೆ ನೋಡಿದೆ.

ಪಾಸಾಗದ ಗಾಡಿಯನ್ನು ರಸ್ತೆಗೆ ಇಳಿಸಬಾರದು, ಅದು ನನ್ನ ನಿಯಮ. ಮಾವ ನಿಯಮ ಮೀರಲಿಲ್ಲ. ಟೆಂಪೋದಲ್ಲಿ ಊರಿಗೆ ಸಾಗಿಸಿ, ನಾಲೆ ಏರಿಯ ಮೇಲೆ ಪಳಗಿಸಲು ಶುರು ಮಾಡಿದ. ಹೋರಿಗೆ ಮೊದಲ ದಿನವೇ ಜನ ತುಂಬಿದ ಗಾಡಿ ಕಟ್ಟುತ್ತಾರೆಯೇ? ಬರಿ ಮರದ ತುಂಡು ಎಳೆಸಿ ಪಳಗಿಸುತ್ತಾರೆ. ಅದೇ ಲೆಕ್ಕದಲ್ಲಿ ಅತ್ತೆಯ ತೂಕಕ್ಕೆ ಸಮನಾಗಿ ಒಂದು ರಾಗಿ ಮೂಟೆಯನ್ನು ತೊಟ್ಟಿಯಲ್ಲಿ ಕೂರಿಸಿದ. ಮೂಟೆ ಜಾರಬಾರದೆಂದು ಕಟ್ಟಲು ಕೈಗೆ ಸಿಕ್ಕಿದ್ದು ಅತ್ತೆಯ ಹಸಿರು ಸೀರೆ. ಪೂರ್ತಿ ಸುತ್ತಿದ. ಮೂರು ದಿನ ನಾಲೆ ಏರಿಯ ಮೇಲೆ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ, ಮೂಟೆಯ ಜೊತೆ ಜೋರಾಗಿ ಮಾತಾಡುತ್ತ ಓಡಾಡಿದ. ನಾಲೆಯಲ್ಲಿ ಬಟ್ಟೆ ಒಗೆಯುವ ಹೆಂಗಸರಿಗೆ ಕಣ್ಣಿಲ್ಲವೇ?

ಮೂರನೆಯ ದಿನ ಮಾವ ಮನೆಗೆ ಬರುವ ಹೊತ್ತಿಗೆ ಅತ್ತೆ ಬಾಗಿಲಲ್ಲೇ ಕೂತಿದ್ದಳು. ಮುಸುಕು ಹಾಕಿಕೊಂಡ ಯಾವಳನ್ನೋ ನಿನ್ನ ಗಂಡ ಮೆರೆಸುತ್ತಿದ್ದಾನೆ ಎಂದು ನಾಲ್ಕು ಜನ ಬಂದು ಹೇಳಿಹೋಗಿದ್ದರು. ಅತ್ತೆ ಜಗಳ ಆಡಲಿಲ್ಲ. "ಅವ್ಳು ಯಾರಾದ್ರೂ ಇರ್ಲಿ ಬುಡು. ಸೀರೆ ಮಾತ್ರ ಒಗ್ದು ಕೊಡಕ್ಕೆ ಯೋಳು" ಅಂದಳು.

ಇನ್ನು ಸರ್ಕಾರದ ಕೆಲಸ. ಇದ್ದ ಗಾಡಿಯ ಆಕಾರ ಬದಲಾಯಿಸಿದರೆ ಅದನ್ನು ತೋರಿಸಿ, ಪರೀಕ್ಷೆ ಮಾಡಿಸಿ, ಆರ್‌ಸಿಯಲ್ಲಿ ಬರೆಸಬೇಕು. ಬರೆಸದಿದ್ದರೆ ಅದು ಗಾಡಿಯೇ ಅಲ್ಲ. ಬ್ರೋಕರ್ ಹಿಡಿಯೋಣ ಎಂದು ಊರಿನವರು ಹೇಳಿದರು. ಮಾವ ಒಪ್ಪಲಿಲ್ಲ. ಅರ್ಜಿಯನ್ನು ತಾನೇ ತುಂಬಿದ. ಬಣ್ಣ ಎಂಬಲ್ಲಿ 'ಬೆಲ್ಲದ್ದು' ಎಂದು ಬರೆದ. ಕೂರುವವರ ಸಂಖ್ಯೆ ಎಂಬಲ್ಲಿ 'ನಾನು ಮತ್ತು ನಮ್ಮ ಮನೆಯವಳು, ಬೇರೆಯವರಿಗೆ ಜಾಗವಿಲ್ಲ' ಎಂದು ಬರೆದು ಕೆಳಗೆ ಗೆರೆ ಎಳೆದ.

ಮಂಡ್ಯದ ಆರ್‌ಟಿಒ ಆಫೀಸಿನಲ್ಲಿ ಗುಮಾಸ್ತರು ಅದನ್ನು ಓದಿ, ನಗು ನುಂಗಿಕೊಂಡು, ಹೊಸ ಅರ್ಜಿ ಕೊಟ್ಟರು. ಮೊದಲು ನಕ್ಷೆ ಕೊಟ್ಟು ಅನುಮತಿ ತಗೊಳ್ಳಿ, ಆಮೇಲೆ ಗಾಡಿ ತನ್ನಿ ಎಂದರು. ಇಲ್ಲಿ ನನಗೆ ಇಕ್ಕಟ್ಟು ಬಂತು. ನಾನು ನಕ್ಷೆ ಬರೆಯುವುದು ಅಂಗಡಿಯ ನೆಲದ ಮೇಲೆ, ಸೀಮೆಸುಣ್ಣದಲ್ಲಿ. ಇಪ್ಪತ್ತು ಅಡಿ ಗೇಟಾದರೂ ಅಷ್ಟೇ, ನೆಲದಲ್ಲಿ ಪೂರ್ತಿ ಅಳತೆಗೆ ಬರೆದು, ಅದರ ಮೇಲೆಯೇ ಕಬ್ಬಿಣ ಇಟ್ಟು ಬೆಸೆಯುತ್ತೇನೆ. ಕಾಗದದಲ್ಲಿ ಬರೆದು ಗೊತ್ತಿಲ್ಲ. ನೆಲವನ್ನು ಫೈಲಿಗೆ ಹಾಕಲಾಗುತ್ತದೆಯೇ? ಕೊನೆಗೆ ನೆಲದ ಮೇಲೆ ಗಾಡಿಯ ಚಿತ್ರ ಬರೆದು, ಏಣಿ ಹತ್ತಿ ಫೋಟೋ ಹೊಡೆದು, ಪ್ರಿಂಟು ಹಾಕಿಸಿದೆ. ಚಿತ್ರವನ್ನು ಎದುರಿನಿಂದಲೇ ಬರಿ ಅಂತ ಮಾವ ಹಟ ಹಿಡಿದಿದ್ದ. ಗಾಡಿಗೂ ಮುಖ ಇರುತ್ತದೆ ಅಂದ. ಬರೆದೆ.

ಬ್ರೇಕ್ ಇನ್‌ಸ್ಪೆಕ್ಟರು ಒಬ್ಬರು ಹೆಣ್ಣುಮಗಳು. ಕನ್ನಡಕ, ಕಡಿಮೆ ಮಾತು. ಫೋಟೋವನ್ನು ಹತ್ತಿರ ಹಿಡಿದು ನೋಡಿದರು. ಅಳತೆಗಳನ್ನೆಲ್ಲ ಓದಿ ತಲೆದೂಗಿದರು. ಆಮೇಲೆ ಮೂಲೆಗೆ ಬೆರಳಿಟ್ಟು, ಈ ಕೋಳಿ ಗಾಡಿಯ ಭಾಗವೇ ಎಂದು ಕೇಳಿದರು. ಪಕ್ಕದ ಮನೆಯ ಕೋಳಿ, ಫೋಟೋ ಹೊಡೆಯುವಾಗ ನನ್ನ ನಕ್ಷೆಯ ಮೇಲೆ ನಡೆದುಹೋಗಿತ್ತು! ಕೋಳಿಯನ್ನು ಪೆನ್ನಿನಿಂದ ಹೊಡೆದುಹಾಕಿ ಅನುಮತಿ ಕೊಟ್ಟರು.

ಆ ಕಾಗದ, ಈ ಕಾಗದ ಎಂದು ತಿಂಗಳುಗಟ್ಟಲೆ ಅಲೆಸಿ, ಗೌರಿ ಹಬ್ಬಕ್ಕೆ ಇನ್ನು ಐದೇ ದಿನ ಇದ್ದಾಗ ಗಾಡಿ ತರಲು ಹೇಳಿದರು. ಕಬ್ಬು ಸಾಗಿಸುವ ಟ್ರೈಲರಿನ ಮೇಲೆ ಹತ್ತಿಸಿ, ಹಗ್ಗ ಬಿಗಿದು ಹೊರಟೆವು. ಅದು ಜಾರಬಾರದೆಂದು ಮಾವ ತೊಟ್ಟಿಯೊಳಗೇ ಕೂತ. ಹಳೇ ರಸ್ತೆಯ ಉದ್ದಕ್ಕೂ ಜನ ಕೈ ಎತ್ತಿದರು. ಯಾವುದೋ ಎಲೆಕ್ಷನ್ ಗೆದ್ದವನೆಂದು ತಿಳಿದಿರಬೇಕು. ಮಾವನೂ ತಿರುಗಿ ಕೈ ಎತ್ತಿದ, ಸುಮ್ಮನೆ ಯಾಕೆ ಬೇಸರ ಮಾಡುವುದು ಎಂದು.

ಪರೀಕ್ಷೆ ಶುರುವಾಯಿತು. ಇಂಡಿಕೇಟರು ಸರಿ. ಬ್ರೇಕು ಸರಿ. ಹಾರನ್ ಹೊಡೀರಿ ಎಂದರು ಇನ್‌ಸ್ಪೆಕ್ಟರಮ್ಮ. ನಾನು ಹೊಸ ಹಾರನ್ನು ಕೂರಿಸಿದ್ದೆ, ಗುಂಡಿ ಎಲ್ಲಿದೆ ಅಂತಲೂ ಹೇಳಿದ್ದೆ. ಅಭ್ಯಾಸಬಲ ನೋಡಿ, ಮಾವ ಗುಂಡಿ ಮರೆತು ಬಾಯಿ ತೆರೆದ. ಆ ಕಡೆ ಎಂಟು ಹಾಕುತ್ತಿದ್ದ ಲೈಸೆನ್ಸಿನ ಹುಡುಗಿಯೊಬ್ಬಳು ಕಾಲು ಊರಿಬಿಟ್ಟಳು. ಪಾಪ, ಅವಳ ಟೆಸ್ಟು ಹೋಯಿತು.

ಆಮೇಲೆ ಇನ್‌ಸ್ಪೆಕ್ಟರಮ್ಮ ತೊಟ್ಟಿಯ ಅಂಚಿಗೆ ಕೈಯಿಟ್ಟು ತಟ್ಟನೆ ತೆಗೆದರು. ಇರುವೆ. ಎರಡು ಕೋಟು ಬಣ್ಣ ಹೊಡೆದಿದ್ದೇನೆ, ಆದರೂ ಬಿಸಿಲಿಗೆ ಕಾದ ಕೊಪ್ಪರಿಗೆಯ ಘಮಕ್ಕೆ ಕಾಂಪೌಂಡಿನ ಇರುವೆಯೆಲ್ಲ ಸಾಲುಗಟ್ಟಿತ್ತು! ಏನಿದು ಎಂದರು. ಬೆಲ್ಲದ ಮನೆತನದ ಸಾಮಾನು, ನೆಂಟರು ಬರುತ್ತಾರೆ ಎಂದ ಮಾವ. ಆಯಮ್ಮ ನಕ್ಕರು. ಸರಿ, ಪಾಸಾಯಿತು ಎಂದುಕೊಂಡೆ. ಅವರು ಗಾಡಿಯ ಹಿಂದೆ ಹೋಗಿ ನಿಂತರು. ನಕ್ಷೆ ತೆಗೆದು ನೋಡಿದರು. ಮತ್ತೆ ಗಾಡಿ ನೋಡಿದರು. ನಗು ನಿಂತುಹೋಯಿತು.

ಎದುರಿನಿಂದ ಬರೆದ ಚಿತ್ರದಲ್ಲಿ ಗಾಡಿಯ ಬಲಭಾಗ ಕಾಗದದ ಎಡಕ್ಕೆ ಬಂದಿತ್ತು. ಅವರು ತೊಟ್ಟಿ ಎಡಗಡೆಗಿದೆ ಎಂದು ತಿಳಿದೇ ಅನುಮತಿ ಕೊಟ್ಟಿದ್ದರು. ನಾನು ಮಾವನ ಕಡೆ ತಿರುಗಿದೆ. ಅವನು ಆಕಾಶ ನೋಡುತ್ತಿದ್ದ. ಗಾಡಿಯ ಮುಖವಂತೆ, ಮುಖ!

ತೊಟ್ಟಿ ಎಡಗಡೆಗೇ ಇರಬೇಕು, ಬದಲಾಯಿಸಿ ತನ್ನಿ ಎಂದರು ಆಯಮ್ಮ. ಆಗುವುದಿಲ್ಲ ಎಂದ ಮಾವ. ಕಾರಣ ಹೇಳಿ ಎಂದರು. ಮಾವ ನನ್ನನ್ನು ನೋಡಿದ, ಸುತ್ತ ನಿಂತವರನ್ನು ನೋಡಿದ. ಒಂದು ಗುಟ್ಟು ಇದೆ, ಈ ಕಡೆ ಬನ್ನಿ ಎಂದು ಅವರನ್ನು ದೂರದ ಹೊಂಗೆ ಮರದ ಕೆಳಗೆ ಕರೆದುಕೊಂಡು ಹೋಗಿ, ಬಾಯಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದ. ನಮ್ಮ ಮಾವನ ಪಿಸುಮಾತು ಹೇಗಿರುತ್ತದೆ ಎಂದು ನೀವು ಊಹಿಸಿಕೊಳ್ಳಬೇಕು. ಕಾಂಪೌಂಡಿನ ಆ ತುದಿಯ ಟೀ ಅಂಗಡಿಯವನೂ ಸೌಟು ನಿಲ್ಲಿಸಿ ಕೇಳಿದ.

"ನಮ್ಮನೇವ್ಳಿಗೆ ಬಲಗಿವಿ ಕೇಳಾಕಿಲ್ಲ ಕಣವ್ವ. ಮದ್ವೆಯಾದ ವರ್ಸ ಜ್ವರ ಬಂದು ವೋಯ್ತು. ಎಡಗಡಿಕ್ ಕುಂತ್ರೆ ಆ ಕಿವಿ ನನ್ ಕಡಿಗ್ ಬತ್ತದೆ. ಮಳವಳ್ಳಿಗಂಟ ನಾನು ಯಾರ್ ಕೂಟೆ ಮಾತಾಡ್ಕಂಡ್ ಓಗ್ಲಿ?"

ಆಮೇಲೆ ಇನ್ನಷ್ಟು ಬಗ್ಗಿ ಹೇಳಿದ. "ಯಾರ್ಗೂ ಯೋಳ್ಬೇಡ ಅಂತ ಆಣೆ ಆಕ್ಸ್ಕೊಂಡವ್ಳೆ. ನಿಮ್ಮಲ್ಲೇ ಇರ್ಲಿ."

ಕಾಂಪೌಂಡಿನಲ್ಲಿದ್ದ ಅಷ್ಟೂ ಜನ ಬೇರೆ ಬೇರೆ ಕಡೆ ಮುಖ ತಿರುಗಿಸಿ, ಏನೂ ಕೇಳಲಿಲ್ಲ ಎನ್ನುವ ಹಾಗೆ ನಿಂತರು.

ನನಗೆ ಮಾತ್ರ ಒಂದೊಂದೇ ನೆನಪಾಗತೊಡಗಿತು. ಮದುವೆಮನೆಯ ಊಟದ ಪಂಕ್ತಿಯಲ್ಲಿ ಅತ್ತೆಯ ಎಡಕ್ಕೆ ಯಾರಾದರೂ ಕೂತರೆ ಮಾವ ಅವರನ್ನು ಎಬ್ಬಿಸಿ ತಾನು ಕೂರುತ್ತಿದ್ದ. ಹೆಂಡತಿಯ ಸೆರಗು ಬಿಡುವುದಿಲ್ಲ ಎಂದು ನಾವು ಆಡಿಕೊಂಡು ನಗುತ್ತಿದ್ದೆವು. ಇನ್ನು ಸ್ಕೂಟರು. ಹಿಂದೆ ಒಂದೇ ಕಡೆಗೆ ಕಾಲು ಹಾಕಿ ಕೂತ ಹೆಂಗಸಿನ ಬಲಗಿವಿಯೇ ತಾನೇ ಓಡಿಸುವವನ ಕಡೆಗಿರುವುದು? ನಲವತ್ತು ವರ್ಷ ಅವನು ಆ ಕೇಳದ ಕಿವಿಗೆ ಕೂಗಿ ಕೂಗಿಯೇ ಗಂಟಲು ಹಾಗಾಗಿದ್ದು. ನಾನು ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ, ನನಗೆ ಹೊಳೆದಿರಲಿಲ್ಲ.

ಇನ್‌ಸ್ಪೆಕ್ಟರಮ್ಮ ಕನ್ನಡಕ ತೆಗೆದು ಒರೆಸಿಕೊಂಡರು. ಆದರೆ ಸೋಲಲಿಲ್ಲ. "ಯಜಮಾನ್ರೇ, ರೂಲ್ಸ್ ಸುಮ್ಮನೆ ಮಾಡಿಲ್ಲ. ಬಲಗಡೆ ಕೂತರೆ ಎದುರಿಗೆ ಬರೋ ಲಾರಿಗೆ ಮೊದಲು ಸಿಗೋದು ನಿಮ್ಮ ಮನೆಯವರೇ" ಎಂದರು.

ಮಾವನ ಮುಖದ ಬಣ್ಣ ಹೋಯಿತು. ಮರದ ಬುಡದಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟ. ಇದು ನನ್ನ ತಲೆಗೆ ಬರಲಿಲ್ಲವಲ್ಲ ಎಂದು ಒಂದೇ ಸಮನೆ ಅನ್ನುತ್ತಿದ್ದ. ಅವನು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅವತ್ತೇ.

ನಾನು ಜೇಬಿನಿಂದ ಸೀಮೆಸುಣ್ಣ ತೆಗೆದೆ. ಕಾಂಪೌಂಡಿನ ಸಿಮೆಂಟು ನೆಲದ ಮೇಲೆ ಸ್ಕೂಟರು ಬರೆದೆ, ಎಡಕ್ಕೆ ತೊಟ್ಟಿ ಬರೆದೆ. ಮಾವನನ್ನು ಕರೆದು ಸ್ಕೂಟರಿನ ಮೇಲೆ ನಿಲ್ಲಿಸಿದೆ. ನಾನು ಅತ್ತೆಯಾಗಿ ತೊಟ್ಟಿಯಲ್ಲಿ ನಿಂತೆ. ಬಲಗಿವಿ ಅವನ ಕಡೆಗೆ. ನಿಂತಲ್ಲೇ ಹಿಂದಕ್ಕೆ ತಿರುಗಿದೆ. ಎಡಗಿವಿ ಅವನ ಕಡೆಗೆ! ಇಷ್ಟೇ. ಸೀಟು ತಿರುಗಿಸಿದರೆ ಮುಗಿಯಿತು. ಶಾಲೆ ಬಿಟ್ಟವನ ಬುದ್ಧಿ ಹೇಗಿದೆ, ಹೇಳಿ!

ಇನ್‌ಸ್ಪೆಕ್ಟರಮ್ಮ ಒಳಗೆ ಹೋಗಿ ಪುಸ್ತಕ ತಿರುವಿ ಬಂದರು. ತೊಟ್ಟಿ ಎಡಕ್ಕಿರಬೇಕು, ಬೆಲ್ಟು ಇರಬೇಕು, ತಲೆಗೆ ಹೆಲ್ಮೆಟ್ಟು ಇರಬೇಕು. ಒಳಗೆ ಕೂತವರು ಯಾವ ಕಡೆ ಮುಖ ಮಾಡಬೇಕೆಂದು ತಮಗೆ ಎಲ್ಲೂ ಕಾಣಲಿಲ್ಲ ಎಂದರು. ಬೆಲ್ಟು ಒಂದು ಕೇಳಿದರೆ ಎರಡು ಹಾಕುತ್ತೇನೆ ಎಂದೆ.

ಎರಡು ದಿನ ಅಂಗಡಿಯ ಬೇರೆ ಕೆಲಸಕ್ಕೆಲ್ಲ ಬಾಗಿಲು ಹಾಕಿ ಕುಯ್ದೆ, ತಿರುಗಿಸಿದೆ, ಬೆಸೆದೆ. ಮೂರನೆಯ ದಿನ ಗಾಡಿ ಪಾಸಾಯಿತು. ಆರ್‌ಸಿಯಲ್ಲಿ ಏರಿಸಿದ ಮೇಲೆ ಮಾವ ಅದನ್ನು ಆಫೀಸಿನ ಮೆಟ್ಟಿಲ ಮೇಲೆಯೇ ನಿಂತು ಓದಿದ. ಮಂಡ್ಯದವರಿಗೆ ಯಾರಿಗಾದರೂ ವಿಷಯ ತಿಳಿಯಲಿಲ್ಲ ಎಂದರೆ ಅವರು ಊರಲ್ಲಿರಲಿಲ್ಲ ಅಂತ ಅರ್ಥ.

ಸೀಟು ನೋಡಿ ಅತ್ತೆ ತಬ್ಬಿಬ್ಬಾದಳು. ಹಿಂದುಮುಂದಾಗಿ ಯಾಕೆ ಕೂರಬೇಕು ಎಂದು ಕೇಳಿದಳು. ಸರ್ಕಾರದ ರೂಲ್ಸು ಎಂದ ಮಾವ. ಅತ್ತೆ ನನ್ನ ಮುಖ ನೋಡಿದಳು. ಹೌದತ್ತೆ, ಹೊಸ ರೂಲ್ಸು ಎಂದೆ. ಆಣೆ ಅಂದರೆ ಆಣೆ.

ಹಬ್ಬದ ಬೆಳಿಗ್ಗೆ ಹೊರಟರು. ಅತ್ತೆ ಕನಕಾಂಬರದ ಮೇಲೆ ಹೆಲ್ಮೆಟ್ಟು ಇಟ್ಟುಕೊಂಡು, ಮೊರದ ಬಾಗಿನ ತೊಡೆಯ ಮೇಲಿಟ್ಟುಕೊಂಡು ತೊಟ್ಟಿಯೊಳಗೆ ನಡೆದುಹೋಗಿ ಕೂತಳು. ಬೆಸುಗೆ ಹೇಗಿದೆ ನೋಡಬೇಕಲ್ಲ ಎಂದು ನಾನು ಬೈಕಿನಲ್ಲಿ ಹಿಂದೆ ಹೊರಟೆ. ಆದರೆ ಬೆಸುಗೆ ನೋಡಲು ಆಗಲೇ ಇಲ್ಲ. ಅತ್ತೆ ಹಿಂದಕ್ಕೆ ಮುಖ ಮಾಡಿ ಕೂತಿದ್ದರಿಂದ ದಾರಿಯುದ್ದಕ್ಕೂ ನನಗೆ ಕಂಡದ್ದು ಅವಳ ಮುಖ. ಮಾವ ಅವಳ ಕಡೆಗೆ ತಲೆ ವಾಲಿಸಿ ಮಾತಾಡುತ್ತಲೇ ಇದ್ದ, ಒಂದು ಮಾತೂ ನನ್ನತನಕ ಕೇಳಲಿಲ್ಲ. ಅವಳು ಒಂದು ಕಡೆ ನಕ್ಕಳು. ಒಂದು ಕಡೆ ಸುಳ್ಳು ಹೇಳಬೇಡ ಎನ್ನುವಂತೆ ಕೈ ಆಡಿಸಿದಳು. ಒಂದು ಕಡೆ ಕಣ್ಣು ಒರೆಸಿಕೊಂಡಳು, ಧೂಳಿಗೋ ಏನೋ. ಎರಡೂ ಕಡೆಯ ಕಬ್ಬಿನ ಗದ್ದೆ ಹಿಂದಕ್ಕೆ ಓಡುತ್ತಿತ್ತು. ಅವಳು ಅದನ್ನು ನೋಡಲೇ ಇಲ್ಲ.

ಮಳವಳ್ಳಿಯಲ್ಲಿ ತಂಗಿಯ ಮನೆ ಮುಂದೆ ಗಾಡಿ ನಿಂತಿತು. ತಂಗಿ ಆಗಲೇ ಸೆರಗು ತಲೆಗೆ ಹೊದ್ದು, ಬಾಗಿನ ಇಸಿದುಕೊಳ್ಳಲು ಹೊಸಿಲಿನಲ್ಲಿ ನಿಂತಿದ್ದಳು. ಅಕ್ಕನನ್ನು ನೋಡಿ ಅಳು ತಡೆಯಲಾರದೆ ಓಡಿಬಂದಳು. ನಾನೂ ಬೈಕು ನಿಲ್ಲಿಸಿ, ಅತ್ತೆಗೆ ಕೈ ಕೊಡೋಣ ಎಂದು ತೊಟ್ಟಿಯ ಬಾಗಿಲು ತೆಗೆದೆ.

ಅತ್ತೆ ಇಳಿಯಲಿಲ್ಲ. ಮಾವ ಇನ್ನೂ ಏನೋ ಹೇಳುತ್ತಿದ್ದ. ಅವಳು ಅವನ ಮುಖದಿಂದ ಕಣ್ಣು ತೆಗೆಯದೆ, ಒಂದು ಕೈ ಮಾತ್ರ ಎತ್ತಿ ತಂಗಿಯನ್ನು ತಡೆದಳು.

"ಒಂಚೂರ್ ಇರವ್ವ. ಇವ್ರು ಯೋಳೋದು ಮುಗೀಲಿ."